ಜನರಲ್ ಸಾಹೇಬರಿಗೆ ನಾನು ಕೇಳಿದ ಪ್ರಶ್ನೆ

ಅದು 1999ನೇ ಇಸವಿ. ಮದುವೆಯಾಗಿ ಟೆಕ್ಸಸ್‌ಗೆ ಬಂದು ಎರಡು ವರ್ಷವಾಗಿತ್ತು. ಡಲ್ಲಾಸ್ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡಂತಿರುವ ಯೂಲೆಸ್‌ನಲ್ಲಿ ನಮ್ಮ ಬಾಡಿಗೆ ಮನೆ. ವಿಮಾನ ಹೋಗುವಾಗ ಮಾತು ನಿಲ್ಲಿಸಿ, ಹೋದ ಮೇಲೆ ಮುಂದುವರಿಸುವುದು ನಮಗೆಲ್ಲ ಅಭ್ಯಾಸವಾಗಿಬಿಟ್ಟಿತ್ತು. ಯಜಮಾನರು ಆಫೀಸಿಗೆ ಹೋದ ಮೇಲೆ ನನಗೆ ಜೊತೆಯೆಂದರೆ ಪಕ್ಕದ ಮನೆಯ ಲಿಂಡಾ. ನನಗೆ ಕಾರು ಓಡಿಸಲು ಕಲಿಸಿದವಳೂ ಅವಳೇ. ಅವಳ ಗಂಡ ಡೇವಿಡ್ ವಿಮಾನ ಕಂಪನಿಯೊಂದರಲ್ಲಿ ಪೈಲಟ್. ಅವರು ಆ ಮನೆಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಡೇವಿಡ್ ಬಗ್ಗೆ ನನಗೆ ಗೊತ್ತಿದ್ದುದು ಅಷ್ಟೇ.

ಒಂದು ಶನಿವಾರ ಬೆಳಿಗ್ಗೆ ಲಿಂಡಾ ಬಂದು, "ಕಾಲೇಜ್ ಹಾಲ್‌ನಲ್ಲಿ ಏರ್‌ಫೋರ್ಸ್ ಜನರಲ್ ಒಬ್ಬರು ಮಾತಾಡ್ತಾರೆ. ನಿಮ್ಮ ತಂದೆ ಏರ್‌ಫೋರ್ಸ್‌ನಲ್ಲಿದ್ರು ಅಂದಿದ್ದೆಯಲ್ಲ, ಬರ್ತೀಯಾ?" ಎಂದಳು. ನಾನು ತಕ್ಷಣ ಹೊರಟೆ. ನಮ್ಮ ತಂದೆ ಭಾರತೀಯ ವಾಯುಪಡೆಯಲ್ಲಿ ಇಪ್ಪತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ನಾವು ಅಮ್ಮನ ಜೊತೆ ತುಮಕೂರಿನಲ್ಲಿ, ಅವರು ಒಮ್ಮೆ ಜಾಮ್‌ನಗರ, ಒಮ್ಮೆ ಜೋರ್ಹಾಟ್. ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದರು. ಶಾಲೆಯಲ್ಲಿ "ನಮ್ಮಪ್ಪ ಏರ್‌ಫೋರ್ಸು" ಎಂದು ಹೇಳಿಕೊಂಡು ಮೆರೆಯುತ್ತಿದ್ದ ಹುಡುಗಿ ನಾನು.

ಡೇವಿಡ್‌ಗೆ ಬರುವ ಮನಸ್ಸಿರಲಿಲ್ಲ ಅನ್ನಿಸುತ್ತದೆ, ಆದರೂ ಜೊತೆಗೆ ಬಂದ. ಕಾರಿನಲ್ಲಿ ಒಂದು ಮಾತೂ ಆಡಲಿಲ್ಲ. ಹಾಲ್‌ನಲ್ಲಿ ಅವನೂ ಲಿಂಡಾಳೂ ನನ್ನ ಬಲಗಡೆ ಕುಳಿತರು.

ಜನರಲ್ ಎತ್ತರದ ಮನುಷ್ಯ, ಕೂದಲು ಪೂರ್ತಿ ಬೆಳ್ಳಗಾಗಿತ್ತು. ತೆರೆಯ ಮೇಲೆ ಪಟಗಳನ್ನು ತೋರಿಸುತ್ತಾ, ಮುಚ್ಚುಮರೆಯಿಲ್ಲದೆ ಮಾತಾಡಿದರು. ವಿಮಾನಗಳಿವೆ, ಹಾರಿಸುವವರು ಕಡಿಮೆಯಾಗುತ್ತಿದ್ದಾರೆ. ಬಿಡಿಭಾಗ ಸಿಗದೆ ಒಂದು ವಿಮಾನದ್ದನ್ನು ಬಿಚ್ಚಿ ಇನ್ನೊಂದಕ್ಕೆ ಹಾಕುತ್ತಿದ್ದೇವೆ. ಒಬ್ಬ ಪೈಲಟ್‌ನನ್ನು ತಯಾರು ಮಾಡಲು ವರ್ಷಗಟ್ಟಲೆ ಬೇಕು. ಅವನು ನುರಿತವನಾಗುವ ಹೊತ್ತಿಗೆ ವಿಮಾನ ಕಂಪನಿಗಳು ಕರೆದುಕೊಳ್ಳುತ್ತವೆ. "ನಾಳೆ ಯುದ್ಧ ಬಂದರೆ ನಾವು ಸಿದ್ಧವಾಗಿದ್ದೀವಾ ಅಂತ ಕೇಳಿದರೆ, ಹೌದು ಅಂತೀನಿ. ಆದರೆ ಮೊದಲಿನಷ್ಟು ಗಟ್ಟಿಯಾಗಿ ಹೇಳೋಕಾಗಲ್ಲ," ಎಂದರು.

ಪ್ರಶ್ನೆ ಕೇಳಬಹುದು ಎಂದಾಗ ಯಾರೂ ಏಳಲಿಲ್ಲ. ನನಗೆ ಏನಾಯಿತೋ, ಕೈ ಎತ್ತಿಬಿಟ್ಟೆ. ಮೈಕ್ ಕೊಟ್ಟರು. "ನಮ್ಮ ತಂದೆ ಇಂಡಿಯಾದ ಏರ್‌ಫೋರ್ಸ್‌ನಲ್ಲಿ ಇಪ್ಪತ್ತು ವರ್ಷ ಇದ್ದರು. ಎಷ್ಟೇ ಕಷ್ಟವಾದರೂ ಬಿಡಲಿಲ್ಲ. ದೇಶಕ್ಕೆ ಪೈಲಟ್‌ಗಳು ಬೇಕಾಗಿರುವಾಗ ದುಡ್ಡಿಗೋಸ್ಕರ ಬಿಟ್ಟು ಹೋಗ್ತಾರಲ್ಲ, ಅವರಿಗೆ ನಾಚಿಕೆಯಾಗಲ್ವಾ?" ಎಂದು ಕೇಳಿದೆ.

ಕೆಲವರು ಚಪ್ಪಾಳೆ ತಟ್ಟಿದರು. ಬೀಗುತ್ತಾ ಕುಳಿತವಳು ಲಿಂಡಾಳ ಕಡೆ ತಿರುಗಿದೆ. ಅವಳ ಮುಖ ಕೆಂಪಾಗಿತ್ತು. ಗಂಡನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಅವನು ಆ ಕೈ ಬಿಡಿಸಿಕೊಂಡು ಎದ್ದು ನಿಂತ.

"ಸರ್, ಈ ಪ್ರಶ್ನೆಗೆ ನಾನು ಉತ್ತರ ಹೇಳಬಹುದಾ? ಏರ್‌ಫೋರ್ಸ್‌ನಲ್ಲಿ ಹನ್ನೊಂದು ವರ್ಷ ಫೈಟರ್ ವಿಮಾನ ಹಾರಿಸಿದೆ. ಹೋದ ವರ್ಷ ಬಿಟ್ಟೆ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಡೇವಿಡ್ ನನ್ನ ಕಡೆ ನೋಡಲಿಲ್ಲ. ಮೈಕ್ ಇಲ್ಲದೆಯೇ ನಿಧಾನವಾಗಿ ಹೇಳಿದ. "ನಮ್ಮಲ್ಲಿ ಒಬ್ಬ ಬಿಟ್ಟು ಹೋದರೆ ಅವನ ಸರದಿ ಉಳಿದವರ ತಲೆಗೆ ಬರುತ್ತೆ. ಹೊರದೇಶಕ್ಕೆ ಹೋಗಿ ಬಂದು ಬಟ್ಟೆ ಒಗೆಯೋಷ್ಟರಲ್ಲಿ ಮತ್ತೆ ಹೊರಡಬೇಕು. ನನ್ನ ಹೆಂಡತಿ ಅವಳ ತಾಯಿಯನ್ನ ಒಬ್ಬಳೇ ಮಣ್ಣು ಮಾಡಿದಳು. ನಾನು ಆಗ ಸಮುದ್ರದಾಚೆ ಇದ್ದೆ. ಅದಕ್ಕೇ ಬಿಟ್ಟೆ." ಆಮೇಲೆ ಜನರಲ್ ಕಡೆ ನೋಡಿ ಮುಂದುವರಿಸಿದ. "ನಾಚಿಕೆ ಆಗುತ್ತಾ ಅಂದರೆ, ಹೌದು, ಆಗುತ್ತೆ. ನನ್ನ ಸರದಿ ಯಾರ ಮೇಲೆ ಬಿತ್ತು ಅಂತ ನನಗೆ ಗೊತ್ತು. ಅವನಿಗೂ ಇಬ್ಬರು ಮಕ್ಕಳಿದ್ದಾರೆ."

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಜನರಲ್ ವೇದಿಕೆಯಿಂದ ಇಳಿದು, ಸಾಲುಗಳ ನಡುವೆ ನಡೆದುಕೊಂಡು ನಮ್ಮ ಹತ್ತಿರವೇ ಬಂದರು. ಡೇವಿಡ್‌ನ ಕೈ ಹಿಡಿದು, ಇಡೀ ಹಾಲ್‌ಗೆ ಕೇಳುವಂತೆ, "ನಾಚಿಕೆ ಆಗಬೇಕಾದ್ದು ನಿಮಗಲ್ಲ, ನನ್ನಂಥವರಿಗೆ. ನಿಮ್ಮನ್ನ ಉಳಿಸಿಕೊಳ್ಳೋದು ನಮ್ಮ ಕೆಲಸವಾಗಿತ್ತು," ಎಂದರು. ಆಮೇಲೆ ಲಿಂಡಾಳ ಕಡೆ ತಿರುಗಿ, "ನಿಮ್ಮ ತಾಯಿಯ ವಿಷಯ ಕೇಳಿ ದುಃಖವಾಯಿತು," ಎಂದರು. ಲಿಂಡಾ ಮುಖ ಮುಚ್ಚಿಕೊಂಡು ಅತ್ತಳು. ಅವಳು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ.

ವಾಪಸ್ ಬರುವಾಗ ಹಿಂದಿನ ಸೀಟಿನಲ್ಲಿ ಮುದುಡಿಕೊಂಡು ಕುಳಿತಿದ್ದೆ. ಮನೆ ಮುಂದೆ ಇಳಿದಾಗ, "ನನಗೆ ಗೊತ್ತಿರಲಿಲ್ಲ. ದಯವಿಟ್ಟು ಕ್ಷಮಿಸಿ," ಎಂದೆ.

ಡೇವಿಡ್ ಕೀಲಿ ಕೈಯಲ್ಲಿ ತಿರುಗಿಸುತ್ತಾ, "ಊರವರೆಲ್ಲ ಮನಸ್ಸಿನಲ್ಲೇ ಕೇಳ್ತಾರೆ. ನೀವು ಬಾಯಿಬಿಟ್ಟು ಕೇಳಿದಿರಿ. ನನಗೂ ಒಂದು ಸಲ ಹೇಳಬೇಕಿತ್ತು," ಎಂದ. ಲಿಂಡಾ ಸೀದಾ ಒಳಗೆ ಹೋದಳು. ಅವಳು ಮತ್ತೆ ನನ್ನ ಜೊತೆ ಮೊದಲಿನಂತೆ ಮಾತಾಡಲು ಎರಡು ವಾರ ಬೇಕಾಯಿತು.

ಅಂದು ಸಂಜೆ, ಊರಲ್ಲಿ ಭಾನುವಾರ ಬೆಳಗಾಗಿರುತ್ತದೆ ಎಂದು ಲೆಕ್ಕ ಹಾಕಿ ಅಮ್ಮನಿಗೆ ಫೋನ್ ಮಾಡಿದೆ. ನಡೆದದ್ದೆಲ್ಲ ಹೇಳಿ, "ಅಪ್ಪ ಬಿಡ್ಲಿಲ್ಲ ಅಲ್ವಾಮ್ಮ, ಆ ಹೆಮ್ಮೇಲಿ ಕೇಳ್ಬಿಟ್ಟೆ," ಎಂದೆ.

ಅಮ್ಮ ನನ್ನ ಮಾತು ತಡೆದರು. "ನಿಮ್ಮಪ್ಪ ಬಿಡೋ ಯೋಚನೇನೇ ಮಾಡ್ಲಿಲ್ಲ ಅಂತ ಯಾರೇ ಹೇಳಿದ್ದು ನಿನಗೆ? ನೀನು ಎರಡನೇ ಕ್ಲಾಸಲ್ಲಿದ್ದಾಗ ಸರ್ವಿಸ್ ಮುಂದುವರಿಸ್ಲಾ, ಬಿಟ್ಟು ಬರ್ಲಾ, ನೀನೇ ಹೇಳು ಅಂತ ಕಾಗದ ಬರೆದಿದ್ರು. ಬಂದ್ಬಿಡಿ, ನನಗೆ ಒಬ್ಬಳಿಗೇ ಆಗಲ್ಲ ಅಂತ ನಾನೂ ಬರೆದೆ."

"ಮತ್ತೆ?"

"ಪೋಸ್ಟ್ ಮಾಡ್ಲಿಲ್ಲ."

"ಯಾಕಮ್ಮಾ?"

"ಮಾಡಿದ್ರೆ ಬಂದ್ಬಿಡ್ತಿದ್ರು ಕಣೇ. ಅವರಿಗೆ ಆ ಕೆಲಸ ಅಂದ್ರೆ ಪ್ರಾಣ. ನಿಮ್ಮ ಇಷ್ಟ ಅಂತ ಇನ್ನೊಂದು ಕಾಗದ ಬರೆದು ಹಾಕಿದೆ. ಅವರಿಗೆ ಇವತ್ತಿಗೂ ಗೊತ್ತಿಲ್ಲ. ನೀನೂ ಹೇಳ್ಬೇಡ."

ಎರಡನೇ ಕ್ಲಾಸಿನ ಆ ವರ್ಷ ಅಮ್ಮ ಹೇಗಿದ್ದರು ಎಂದು ನೆನಪಿಸಿಕೊಳ್ಳಲು ನೋಡಿದೆ. ಏನೂ ನೆನಪಾಗಲಿಲ್ಲ. ಸಮವಸ್ತ್ರ ತೊಟ್ಟ ಅಪ್ಪನೇ ಕಣ್ಣ ಮುಂದೆ ಬಂದರು.

ಈಗ ಅಪ್ಪ ಇಲ್ಲ. ಅಮ್ಮನ ಮಾತು ಉಳಿಸಿಕೊಂಡೆ, ಕೊನೆಯವರೆಗೂ ಅವರಿಗೆ ಹೇಳಲಿಲ್ಲ. ಆದರೆ ಇಷ್ಟು ವರ್ಷವಾದರೂ ಒಂದು ಕೊರಗು ಇದೆ. ತುಂಬಿದ ಹಾಲ್‌ನಲ್ಲಿ ಮೈಕ್ ಹಿಡಿದು ಯಾರಿಗೋ ನಾಚಿಕೆಯಾಗಲ್ವಾ ಎಂದು ಕೇಳುವ ಧೈರ್ಯ ನನಗಿತ್ತು. "ಅಮ್ಮಾ, ನಿನಗೆ ಕಷ್ಟವಾಗಲಿಲ್ವಾ?" ಎಂದು ಅಡುಗೆಮನೆಯಲ್ಲಿ ನಿಂತು ಕೇಳಲು ಮಾತ್ರ ನನಗೆ ಒಮ್ಮೆಯೂ ತೋಚಿರಲಿಲ್ಲ.