ಬಲಗಡೆಯಿಂದ ಒರೆಸಿದ ಸಂಖ್ಯೆ

ನನ್ನ ಗಂಡ ಹನೂರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನಾನೂ ಗಣಿತದಲ್ಲೇ ಬಿ.ಎಸ್ಸಿ. ಮಾಡಿದವಳು, ಮದುವೆಯಾದ ಮೇಲೆ ಕೊಳ್ಳೇಗಾಲದ ಮನೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಕಳೆದ ವರ್ಷ ಅವರ ಶಾಲೆಗೆ ಗೋಪಿನಾಥಂ ಕಡೆಯ ಟೀಚರಮ್ಮ ಒಬ್ಬರು ಬಂದರು. ಅಂದಿನಿಂದ ಊಟಕ್ಕೆ ಕೂತರೆ ಇವರ ಬಾಯಲ್ಲಿ ಆ ಟೀಚರದೇ ಮಾತು.

ಒಂದು ಸಂಜೆ ಇವರು ಬ್ಯಾಗ್ ಇಳಿಸುವ ಮೊದಲೇ ನನ್ನ ಚಾಕ್‌ಪೀಸ್ ತೆಗೆದುಕೊಂಡು ಬಟ್ಟೆ ಕತ್ತರಿಸುವ ಮೇಜಿನ ಮೇಲೆ 73939133 ಎಂದು ಬರೆದರು.

“ಇದು ಅವಿಭಾಜ್ಯ ಸಂಖ್ಯೆ ಕಣೆ. ಒಂದು ಬುಟ್ರೆ ಅದು, ಇನ್ಯಾವುದ್ರಿಂದ್ಲೂ ಭಾಗ ಆಗಾಕಿಲ್ಲ. ಈಗ ನೋಡು.”

ಬಲತುದಿಯ ಮೂರನ್ನು ಬೆರಳಿನಿಂದ ಒರೆಸಿದರು. ಉಳಿದ 7393913 ಕೂಡ ಅವಿಭಾಜ್ಯ. ಇನ್ನೊಂದು ಒರೆಸಿದರು, ಅದೂ ಹಾಗೇ. ಒರೆಸುತ್ತಾ ಒರೆಸುತ್ತಾ ಏಳೊಂದೇ ಉಳಿಯಿತು. ಅದೂ ಅವಿಭಾಜ್ಯವೇ.

“ಆ ಟೀಚರ್ ಬೋರ್ಡಲ್ಲಿ ಇಂಗೆ ಒರುಸ್ತಾ ಓಯ್ತಿದ್ರೆ ಐಕ್ಳು ಉಸ್ರೇ ಬುಡಾಕಿಲ್ಲ.”

ಇವರ ಮುಖದ ಹೊಳಪು ನೋಡಿ ನನ್ನ ಹೊಟ್ಟೆ ಉರಿಯಿತು. ಮುದ್ದೆ ಬಡಿಸುತ್ತಾ, “ಊಟಾನೂ ಅಲ್ಲೇ ಮುಗಿಸ್ಕಂಡು ಬರ್ಬೋದಾಗಿತ್ತು” ಅಂದೆ. ಇವರು ನಕ್ಕುಬಿಟ್ಟರು. ಇನ್ನೂ ಉರಿಯಿತು.

ಮರುದಿನ ಹೊಲಿಗೆ ಬದಿಗಿಟ್ಟು ಕೂತೆ. ಆ ಸಂಖ್ಯೆಯ ಬಲಕ್ಕೆ ಇನ್ನೊಂದು ಅಂಕಿ ಸೇರಿಸಿ, ಅದೂ ಅವಿಭಾಜ್ಯವೆಂದು ತೋರಿಸಿ ಅವಳನ್ನು ಮೀರಿಸಬೇಕಿತ್ತು. ಸಮ ಅಂಕಿ, ಐದು ನಡೆಯುವುದಿಲ್ಲ. ಒಂದೋ ಏಳೋ ಸೇರಿಸಿದರೆ ಮೂರರಿಂದ ಭಾಗವಾಗುತ್ತದೆ. ಮೂರು, ಒಂಬತ್ತು ಸೇರಿಸಿ ನೋಡಿದೆ. ಅವೆರಡು ಸುಲಭಕ್ಕೆ ಬಗ್ಗಲಿಲ್ಲ. ಹನ್ನೊಂದರಿಂದ, ಹದಿಮೂರರಿಂದ, ಹದಿನೇಳರಿಂದ ಭಾಗಿಸುತ್ತಾ ಹೋದೆ. ಬ್ಲೌಸಿಗೆ ಬಟ್ಟೆ ಕೊಟ್ಟವರು ಬಂದು ಬೈದು ಹೋದರು.

ಅಷ್ಟರಲ್ಲಿ ಯಳಂದೂರಿನಲ್ಲಿ ಶಾಲೆಯವರೊಬ್ಬರ ಮಗಳ ಮದುವೆ ಬಂತು. ಊಟದ ಸಾಲಿನಲ್ಲಿ ಇವರು ಆ ಟೀಚರನ್ನು ಪರಿಚಯಿಸಿದರು. ನನಗಿಂತ ಸ್ವಲ್ಪ ಚಿಕ್ಕವರು. ನಮಸ್ಕಾರವನ್ನೂ ಹೇಳದೆ ಕೇಳಿಬಿಟ್ಟೆ: “ಕೊನೇಲಿ ಮೂರೋ ಒಂಬತ್ತೋ ಸೇರ್ಸುದ್ರೆ?”

ಅವರು ನನ್ನ ಕೈ ಹಿಡಿದುಕೊಂಡರು. “ಅಯ್ಯೋ ಅಕ್ಕಾ, ನೀವೂ ಅಲ್ಲಿಗೇ ಓದ್ರಾ? ನಾನೂ ಒಂದು ಬೇಸ್ಗೆ ರಜವೆಲ್ಲ ಅದ್ರಲ್ಲೇ ಕಳ್ದೆ. ಆಮೇಲೆ ಕಂಪ್ಯೂಟರ್‌ಗೆ ಆಕಿ ನೋಡಿದ್ರೆ ಎರಡೂ ಭಾಗ ಆಗಿ ಒಡ್ದೋದ್ವು. ಈ ತರದ್ರಲ್ಲಿ ಇದೇ ದೊಡ್ಡದು, ಮುಂದಕ್ಕಿಲ್ಲ.”

“ಅಷ್ಟೆಲ್ಲ ಲೆಕ್ಕ ಮಾಡಿದ್ಯಾ? ನಂಗೆ ಯೋಳ್ನೇ ಇಲ್ವಲ್ಲ” ಅಂದರು ಇವರು, ನನ್ನ ಕಡೆ ತಿರುಗಿ.

“ನೀವು ಕೇಳ್ಳಿಲ್ವಲ್ಲ” ಅಂದೆ.

ಎಲೆ ತೆಗೆಯುವವರೆಗೂ ನಾನೂ ಆ ಟೀಚರೂ ಇಬ್ಬರೇ ಮಾತಾಡಿದೆವು. ವಾಪಸ್ ಬರುವಾಗ ಬಸ್ಸಿನಲ್ಲಿ ಆ ಟೀಚರ ಬೋರ್ಡು ಮತ್ತೆ ಮತ್ತೆ ನೆನಪಾಯಿತು. ಅವರು ದಿನಾ ಅದರ ಮುಂದೆ ನಿಲ್ಲುತ್ತಾರಲ್ಲ, ನಾನು ಬಟ್ಟೆ ಕತ್ತರಿಸುವ ಮೇಜಿನ ಮುಂದೆ ಎಂದುಕೊಂಡೆ. ಗಂಡನ ವಿಷಯ ಆ ಹೊತ್ತಿಗೆ ಮರೆತೇಹೋಗಿತ್ತು.

ಈಗ ಪ್ರತಿ ಭಾನುವಾರ ಆ ಟೀಚರ್ ಫೋನ್ ಮಾಡುತ್ತಾರೆ. ಎಡಗಡೆಯಿಂದ ಒಂದೊಂದೇ ಅಂಕಿ ತೆಗೆದರೂ ಅವಿಭಾಜ್ಯವಾಗಿ ಉಳಿಯುವ ಸಂಖ್ಯೆಗಳನ್ನು ಹುಡುಕುತ್ತಿದ್ದೇವೆ. ನಾವು ಮಾತಾಡುವಾಗ ಇವರು ಟಿವಿ ಜೋರು ಮಾಡುತ್ತಾರೆ. ನನ್ನದಕ್ಕಿಂತ ದೊಡ್ಡ ಸಂಖ್ಯೆ ಟೀಚರಿಗೆ ಸಿಕ್ಕಿದ ವಾರ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.