ಅಪ್ಪನಿಗೆ ಕೇಳಿಸದ ಕೂಗು

ಇವತ್ತು ಬಂಕಿನಲ್ಲಿ ಪೆಟ್ರೋಲ್ ವಾಸನೆ ಮೂಗಿಗೆ ಬಡಿದಾಗ ರಬಕವಿಯ ನಮ್ಮ ಅಂಗಳ ಕಣ್ಣ ಮುಂದೆ ಬಂತು.

ಅಪ್ಪ ಪವರ್‌ಲೂಮ್ ರಿಪೇರಿ ಮಾಡುತ್ತಿದ್ದ. ಬಿಡುವಿನಲ್ಲಿ ಗಾಡಿಗಳನ್ನೂ ನೋಡುತ್ತಿದ್ದ. ಮಗ್ಗಗಳ ಸದ್ದಿಗೆ ಅವನ ಕಿವಿ ಮಂದವಾಗಿತ್ತು. ಅದಕ್ಕೇ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ತುದಿಯನ್ನು ಎಂಜಿನ್ನಿಗೆ ಒತ್ತಿ, ಕಣ್ಣು ಮುಚ್ಚಿಕೊಂಡು ಒಳಗಿನ ಅದುರಾಟವನ್ನು ತಿಳಿಯುತ್ತಿದ್ದ.

ಒಮ್ಮೆ ಜಮಖಂಡಿಯ ವಕೀಲರೊಬ್ಬರು ದೂರದ ಪ್ರಯಾಣಕ್ಕೆಂದೇ ಮಾಡಿದ ಹಳೆಯ ವಿದೇಶಿ ಬೈಕು ತಂದುಬಿಟ್ಟರು.

"ವಕೀಲರ ಗಾಡಿ ಅಲ್ಲೇನ್ರೀ! ನಾಕು ಸಿಲಿಂಡರ್, ನಾಕೂ ಸುಳ್ಳು ಹೇಳತಾವ" ಎಂದು ಅಪ್ಪ ನಕ್ಕಿದ್ದ.

ಕಾರ್ಬುರೇಟರ್‌ಗಳನ್ನು ತೊಳೆದು ಕೂರಿಸಿ, ಗಾಡಿ ಚಾಲೂ ಮಾಡಿ, ಎಂದಿನಂತೆ ಕಣ್ಣು ಮುಚ್ಚಿ ಬಾಗಿದ. ಅವನ ಮುಖದ ಕೆಳಗೇ ಪೆಟ್ರೋಲ್ ಹನಿಹನಿಯಾಗಿ ಕಾದ ಪೈಪಿನ ಮೇಲೆ ಬಿದ್ದು ಹೊಗೆ ಏಳತೊಡಗಿತು.

"ರೀ, ಪೆಟ್ರೋಲ್ ಸೋರಾಕತ್ತೈತ್ರೀ! ಏಳ್ರೀ!" ಅವ್ವ ಅಡುಗೆಮನೆ ಬಾಗಿಲಿಂದ ಚೀರಿದಳು. ನಾನೂ "ಅಪ್ಪಾ" ಎಂದು ಕಿರುಚಿದೆ. ಅಪ್ಪ ಅಲುಗಲಿಲ್ಲ. ನಾನು ನಿಂತಲ್ಲಿಂದಲೇ ಮತ್ತೆ ಮತ್ತೆ ಕೂಗಿದೆ.

ಅವ್ವ ಓಡಿಬಂದು ಅವನ ಹೆಗಲು ಹಿಡಿದು ಹಿಂದಕ್ಕೆ ಎಳೆದಳು. ಇಬ್ಬರೂ ನೆಲಕ್ಕೆ ಬಿದ್ದರು. ಅಪ್ಪನ ಮುಖವಿದ್ದ ಜಾಗದಲ್ಲಿ ಬೆಂಕಿ ಭಗ್ಗೆಂದಿತು.

ಉಸುಕು ಎರಚಿ ಆರಿಸಿದ ಮೇಲೆ ಅಪ್ಪ ಕೇಳಿದ: "ಒಂದ್ ಸಲ ಒದರಬಾರದೇನ?"

ಅವ್ವ ಅಳುತ್ತಲೇ ನಕ್ಕಳು. ಅಂದಿನಿಂದ ಅವನನ್ನು ಕೂಗುವುದನ್ನೇ ಬಿಟ್ಟಳು. ಬಳಿ ಹೋಗಿ ಹೆಗಲು ಮುಟ್ಟುತ್ತಿದ್ದಳು.

ಹೋದ ತಿಂಗಳು ಆಸ್ಪತ್ರೆಯಲ್ಲಿ ಅಪ್ಪ ಕಣ್ಣು ಮುಚ್ಚಿ ಮಲಗಿದ್ದಾಗ ನಾನು ಮತ್ತೆ "ಅಪ್ಪಾ, ಅಪ್ಪಾ" ಎಂದು ಕೂಗುತ್ತಿದ್ದೆ.

"ಒದರಬ್ಯಾಡ, ಮಗಳ. ಕೈ ಹಿಡಿ" ಎಂದಳು ಅವ್ವ.

ಹಿಡಿದೆ. ಆಗಲೇ ತಣ್ಣಗಾಗುತ್ತಿತ್ತು.