ವಿಲಾಯತಿ ಇಲಿಯ ಕಲ್ಲು

ಹುರಳಿ ಬೇಯುವ ವಾಸನೆ ಬಂದರೆ ನಿಮಗೆ ಕಟ್ಟಿನ ಸಾರು ನೆನಪಾಗಬಹುದು, ಅದರ ಮೇಲಿನ ಬೆಳ್ಳುಳ್ಳಿ ಒಗ್ಗರಣೆಯೂ ನೆನಪಾಗಬಹುದು. ನನಗೆ ನೆನಪಾಗುವುದು ಒಂದು ಇಲಿಯ ಉಚ್ಚೆ. ಊಟದ ಹೊತ್ತಿಗೆ ಎಂಥ ಮಾತು ಎತ್ತಿದಳಪ್ಪ ಎಂದು ಮುಖ ಸಿಂಡರಿಸಬೇಡಿ. ಇವತ್ತು ಬೆಳಿಗ್ಗೆ ಪಕ್ಕದ ಮನೆಯಿಂದ ಆ ವಾಸನೆ ಕಿಟಕಿ ದಾಟಿ ಬಂತು. ಕಸ ಗುಡಿಸುತ್ತಿದ್ದವಳು ಹಾಗೇ ನಿಂತುಬಿಟ್ಟೆ. ನೋಡನೋಡುತ್ತ ನಾನು ಹದಿನಾರು ವರ್ಷದ ಸೊಸೆಯಾಗಿ ಕಲ್ಯಾಣಿಯ ಮನೆಯ ಪಡಸಾಲೆಯಲ್ಲಿದ್ದೆ. ಬಸವಕಲ್ಯಾಣವನ್ನು ಆಗ ನಾವೆಲ್ಲ ಕಲ್ಯಾಣಿ ಎಂದೇ ಕರೆಯುತ್ತಿದ್ದೆವು. ನಿಜಾಮರ ಕಾಲ, ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ.

ನಮ್ಮವರು ಹೈದರಾಬಾದಿನಲ್ಲಿ ಓದುತ್ತಿದ್ದರು. ಒಮ್ಮೆ ರಜೆಗೆ ಬರುವಾಗ ಹೆಂಡತಿಗೆ ಸೀರೆ ತರುವ ಬದಲು ಒಂದು ಪ್ರಾಣಿ ತಂದರು. ಕಂದು ಬಿಳಿ ಮೈ, ಗುಂಡು ಹೊಟ್ಟೆ, ಬಾಲವೇ ಇಲ್ಲ. ಈಗಿನ ಮಕ್ಕಳ ಪುಸ್ತಕದಲ್ಲಿ ಅದಕ್ಕೆ ಗಿನಿ ಹಂದಿ ಎನ್ನುತ್ತಾರೆ. ಹಂದಿ ಎಂದಿದ್ದರೆ ಅತ್ತೆ ಹೊಸ್ತಿಲು ದಾಟಿಸುತ್ತಿರಲಿಲ್ಲ. ನಮ್ಮವರು ಜಾಣರು, ವಿಲಾಯತಿ ಇಲಿ ಎಂದುಬಿಟ್ಟರು. ನಾಲ್ಕು ದಿನ ಇದ್ದು ವಾಪಸು ಹೋದರು. ಪಡಸಾಲೆಯ ಮೂಲೆಯ ಕಟ್ಟಿಗೆ ಪೆಟ್ಟಿಗೆಯಲ್ಲಿ ಇಲಿ ಉಳಿಯಿತು.

ಅತ್ತೆ ಮಾತು ಕಡಿಮೆಯ ಹೆಂಗಸು. ಹಿಟ್ಟು ಮುಗಿಯಿತು, ನೀರು ತಾ, ಒಲೆ ಆರುತ್ತಿದೆ ನೋಡು. ನಮ್ಮಿಬ್ಬರ ಸಂಭಾಷಣೆ ಇಷ್ಟೇ. ಮಾವನವರು ಬೆಳಿಗ್ಗೆ ಹೊಲಕ್ಕೆ ಹೋದರೆ ಸಂಜೆಗೇ ಬರುವವರು. ತವರು ಹುಮನಾಬಾದ್ ದೂರವೇನಲ್ಲ, ಆದರೆ ಸೊಸೆಗೆ ಮನಸ್ಸಾದಾಗಲೆಲ್ಲ ಬಂಡಿ ಹೂಡುವವರಾರು? ಹಾಗಾಗಿ ನಾನು ಇಲಿಯ ಜೊತೆ ಮಾತಾಡುತ್ತಿದ್ದೆ. ನನ್ನ ಬಳೆ ಸದ್ದಾದರೆ ಅದು ಕುಂಯ್ ಕುಂಯ್ ಎಂದು ಮುಂಗಾಲೆತ್ತಿ ನಿಲ್ಲುತ್ತಿತ್ತು. ನನ್ನನ್ನು ಕಂಡು ಖುಷಿಪಡುವ ಜೀವ ಆ ಮನೆಯಲ್ಲಿ ಅದೊಂದೇ ಎಂದು ನಾನು ನಂಬಿದ್ದೆ.

ಅಂಥ ಇಲಿ ಚಳಿಗಾಲ ಕಳೆಯುವ ಹೊತ್ತಿಗೆ ಮಂಕಾಯಿತು. ಬೆನ್ನು ಗೂನು ಮಾಡಿಕೊಂಡು ಕೂರುವುದು, ಉಚ್ಚೆ ಹೊಯ್ಯುವಾಗ ಚೀರುವುದು. ಹಾಸಿದ ಹಳೇ ಧೋತರದ ಮೇಲೆ ಎರಡೇ ಹನಿ, ಅವೂ ಕೆಂಪು. ದಿನಕ್ಕೆ ನಾಲ್ಕು ಸಲ ಉಗುರುಬೆಚ್ಚಗಿನ ನೀರಲ್ಲಿ ಅದರ ಹಿಂಭಾಗ ತೊಳೆದು ಒರೆಸಿದೆ, ಅರಳೆಯ ಬತ್ತಿ ಅದ್ದಿ ಬಾಯಿಗೆ ನೀರು ಹಿಂಡಿದೆ. ತವರಿನಲ್ಲಿ ನನ್ನ ಸ್ವಂತ ತಮ್ಮನ ಅಂಡು ತೊಳೆಯಲು ಹೇಳಿದರೆ ಮಾಳಿಗೆ ಹತ್ತಿ ಕೂರುತ್ತಿದ್ದವಳು ನಾನು.

ಅತ್ತೆ ದೂರದಿಂದಲೇ ನೋಡುತ್ತಿದ್ದರು.

"ಇವತ್ತ ಇಲಿ ತಂದಾನ, ನಾಳಿ ಮೊಸಳಿ ತರ್ತಾನ. ಅದರದೂ ನೀನೇ ತೊಳಿ."

ಇವರ ದೃಷ್ಟಿಯೇ ತಾಗಿರಬೇಕೆಂದು ನನಗೆ ಗುಮಾನಿ. ಗುಟ್ಟಾಗಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಘಾಟಿಗೆ ಅತ್ತೆಯೂ ಸೀನಿದರು, ಇಲಿಯೂ ಸೀನಿತು. ಕೆಂಪು ಹನಿ ಮಾತ್ರ ನಿಲ್ಲಲಿಲ್ಲ. ಕೊನೆಗೆ ಧೈರ್ಯ ಮಾಡಿ, ಹುಮನಾಬಾದಿನ ಹಕೀಮರಿಗೆ ತೋರಿಸಿಕೊಂಡು ಬರುತ್ತೇನೆ ಎಂದೆ. ಬೈಗಳು ತಿನ್ನಲು ತಯಾರಾಗಿಯೇ ನಿಂತಿದ್ದೆ.

"ನಾನೂ ಬರ್ತೀನಿ," ಎಂದರು ಅತ್ತೆ. "ಸೊಸಿ ಒಬ್ಬಾಕಿನೇ ಇಲಿ ತಗೊಂಡು ತವರಿಗೆ ಹೋದಳಂದ್ರ ಮಂದಿ ಏನಂದಾರು?"

ಬಂಡಿ ಕಟ್ಟಿಸಿಕೊಂಡು ಹೋದೆವು. ತವರಿನಲ್ಲಿ ಊಟ ಮುಗಿಸಿ, ಮಾಣಿಕನಗರದ ದಾರಿಯಲ್ಲಿದ್ದ ಹಕೀಮರ ಕಟ್ಟೆಯ ಮೇಲೆ ಬುಟ್ಟಿ ಇಟ್ಟೆ. ಹಕೀಮರು ಬಗ್ಗಿ ನೋಡಿ ಗಡ್ಡ ನೀವಿಕೊಂಡರು.

"ನಾ ಮನಷ್ಯಾರ ಹಕೀಮ, ಬೇಟಿ. ಇರಲಿ, ಬ್ಯಾನಿ ಎಲ್ಲಾರದೂ ಒಂದೇ. ಏನ್ ತಿಂತದ?"

"ಹಸಿ ಹುಲ್ಲು ರೀ, ಕೊತ್ತಂಬರಿ, ಗಜ್ಜರಿ," ಎಂದು ಪಾಠ ಒಪ್ಪಿಸಿದೆ.

ಪಕ್ಕದಲ್ಲಿ ಕೂತಿದ್ದ ಅತ್ತೆ ಅಷ್ಟರಲ್ಲಿ ಎಲೆ ಅಡಿಕೆಯ ಚಂಚಿ ಬಿಚ್ಚಿದ್ದರು. ಎಲೆ ಸೆರಗಿಗೆ ಒರೆಸಿದರು, ಬೆರಳ ತುಂಬ ಸುಣ್ಣ ತೆಗೆದು ಹಚ್ಚಿದರು, ಅರ್ಧ ಹರಿದರು. ಆ ಅರ್ಧವನ್ನು, ಕಣ್ಣೆತ್ತಿಯೂ ನೋಡದೆ, ಬುಟ್ಟಿಯೊಳಗೆ ಇಳಿಬಿಟ್ಟರು. ಬೆಳಗಿನಿಂದ ತಲೆ ಎತ್ತದ ಇಲಿ ಕತ್ತು ಚಾಚಿ, ಹಳೇ ಗೆಳತಿಯ ಕೈಯಿಂದ ತೆಗೆದುಕೊಳ್ಳುವಂತೆ ತೆಗೆದುಕೊಂಡಿತು.

ಹಕೀಮರು ನನ್ನನ್ನು ಬಿಟ್ಟು ಅತ್ತೆಯ ಕಡೆ ತಿರುಗಿದರು. "ಅಮ್ಮಾ, ಇದು ದಿನಾ ನಡೀತದೇನ್ರಿ?"

"ಎದುರಿಗೆ ಒಂದು ಜೀವ ಕುಂತದ. ಅದಕ್ಕ ಕೊಡಲಾರದ ನಾ ಒಬ್ಬಾಕಿನೇ ಹ್ಯಾಂಗ ಬಾಯಾಗ ಹಾಕ್ಕೊಳ್ಳಿ?"

"ಸುಣ್ಣ ಹಚ್ಚಿ?"

"ಸುಣ್ಣ ಇಲ್ಲದ ಎಲಿ ಕೊಡೋದು ಮರ್ಯಾದಿ ಅಲ್ರಿ."

"ದಿನಕ್ಕ ಎಷ್ಟು ಸಲ?"

"ನಾ ಹಾಕ್ಕೊಂಡಷ್ಟು ಸಲ."

ಅತ್ತೆ ಎಷ್ಟು ಸಲ ಹಾಕಿಕೊಳ್ಳುತ್ತಿದ್ದರೆಂದು ಊರಿಗೇ ಗೊತ್ತಿತ್ತು. ಹಕೀಮರು ನಗಲಿಲ್ಲ. "ಸಣ್ಣ ಹೊಟ್ಟಿ ಅದ ಅಮ್ಮಾ. ಅಷ್ಟು ಸುಣ್ಣ ಒಳಗ ಹೋಗಿ ಕಲ್ಲಾಗ್ಯದ," ಎಂದರು. ಹುರಳಿ ಕಟ್ಟು, ನೆಗ್ಗಿಲು ಮುಳ್ಳಿನ ಕಷಾಯ ಹೇಳಿದರು. ಕಲ್ಲು ಜಾರಿದರೆ ಉಳಿಯಿತು, ಇಲ್ಲದಿದ್ದರೆ ಇಲ್ಲ.

ನನಗೆ ಮೊದಲು ಬಂದದ್ದು ಸಿಟ್ಟು. ಅದರ ಬೆನ್ನಿಗೇ ಬಂದದ್ದು, ಹೇಳಿಕೊಳ್ಳಲು ನಾಚಿಕೆ, ಹೊಟ್ಟೆಕಿಚ್ಚು. ನಾನು ಆ ಮನೆಗೆ ಬಂದು ವರ್ಷವಾಗಿತ್ತು, ಒಂದು ದಿನವಾದರೂ ಈಕೆ ನನಗೊಂದು ಎಲೆ ಕೊಟ್ಟಿರಲಿಲ್ಲ. ಆಮೇಲೆ ಬಂಡಿಯಲ್ಲಿ ಯೋಚಿಸುತ್ತ ಬಂದೆ. ನಮ್ಮಲ್ಲಿ ಎಲ್ಲರ ಊಟವಾದ ಮೇಲೆ ಸೊಸೆ ಒಳಗೆ ಕೂತು ಉಣ್ಣಬೇಕು. ನಾನು ಉಂಡು, ಪಾತ್ರೆ ಬೆಳಗಿ ಹೊರಗೆ ಬರುವಷ್ಟರಲ್ಲಿ ಅತ್ತೆಯ ಎಲೆ ಮುಗಿದಿರುತ್ತಿತ್ತು. ಅಷ್ಟು ದೊಡ್ಡ ಪಡಸಾಲೆಯಲ್ಲಿ ಅವರ ಎದುರು ಕೂರುತ್ತಿದ್ದದ್ದು ಇಲಿಯೊಂದೇ. ಅವರಿಗೂ ನನ್ನ ಹಾಗೇ ಬೇರೆ ಯಾರೂ ಇರಲಿಲ್ಲ ಎಂದು ಆಗ ತಿಳಿಯಿತು.

ಬುಟ್ಟಿ ಅತ್ತೆಯ ತೊಡೆಯ ಮೇಲಿತ್ತು. ಅರ್ಧ ದಾರಿ ಕಳೆದ ಮೇಲೆ, "ಉಳೀತದೇನ?" ಎಂದು ಕೇಳಿದರು. ಕೆಲಸಕ್ಕೆ ಸಂಬಂಧವಿಲ್ಲದ ಮೊದಲ ಪ್ರಶ್ನೆ ಅದು.

"ಉಳೀತದ್ರಿ ಅತ್ತಿ," ಎಂದು ಸುಳ್ಳು ಹೇಳಿದೆ.

ನೆಗ್ಗಿಲು ಮುಳ್ಳನ್ನು ಮಾವನವರು ಹೊಲದಿಂದ ಬಯ್ಯುತ್ತಲೇ ಆರಿಸಿ ತಂದರು. ಅತ್ತೆ ಅದನ್ನೂ ಹುರಳಿಯನ್ನೂ ಕುದಿಸಿದರು, ನಾನು ಬತ್ತಿ ಹಿಂಡಿದೆ. ಐದನೆಯ ದಿನ ಮಧ್ಯಾಹ್ನ ಅತ್ತೆಯ ಮಡಿಲಲ್ಲಿದ್ದ ಇಲಿ ಒಮ್ಮೆ ಜೋರಾಗಿ ಚೀರಿತು. ನೋಡಿದರೆ ಇಳಕಲ್ ಸೀರೆಯ ಮೇಲೆ ಉಚ್ಚೆ ಹರಿಯುತ್ತಿದೆ. ನಾನು ಗಾಬರಿಯಾಗಿ ಎತ್ತಲು ಹೋದೆ.

"ಸುಮ್ಮಕಿರು," ಎಂದರು ಅತ್ತೆ, ಕದಲದೆ. "ಪೂರಾ ಆಗಲಿ."

ಪೂರಾ ಆಯಿತು. ಸೀರೆಯ ನೆರಿಗೆಯಲ್ಲಿ ಜೋಳದ ಕಾಳಿನ ಅರ್ಧದಷ್ಟು ಬಿಳೀ ಕಲ್ಲು. ಅಂಗಳದಲ್ಲಿ ಇಲಿ ಅಡ್ಡ ಬಂದರೆ ಸ್ನಾನ ಮಾಡುತ್ತಿದ್ದ ಹೆಂಗಸು ಆ ಕಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಓಣಿಗೆಲ್ಲ ತೋರಿಸಿ ಬಂದರು, ಸೀರೆಯನ್ನೂ ಬದಲಿಸದೆ.

ಇಲಿ ಮತ್ತೆ ಎರಡು ವರ್ಷ ಬದುಕಿತು. ಸುಣ್ಣವಿಲ್ಲದ ಎಲೆ ಕೊಡುವುದು ಮರ್ಯಾದೆಯಲ್ಲ, ಸುಣ್ಣವಿದ್ದದ್ದನ್ನು ಕೊಡುವಂತಿಲ್ಲ. ಅತ್ತೆ ದಾರಿ ಹುಡುಕಿದರು: ತಾವೂ ಸುಣ್ಣ ಬಿಟ್ಟರು. ಇಬ್ಬರೂ ಬರೀ ಎಲೆ ಅಗಿಯುತ್ತ ಎದುರುಬದುರು ಕೂರುತ್ತಿದ್ದರು. ಮುಪ್ಪಾಗಿ ಇಲಿ ಸತ್ತ ಮರುದಿನ ನಾನು ಉಂಡು ಹೊರಗೆ ಬಂದಾಗ ಅತ್ತೆ ಚಂಚಿ ಬಿಚ್ಚದೆ ಕಾಯುತ್ತಿದ್ದರು. ಎಲೆ ತೆಗೆದು ಒರೆಸಿ, ಅರ್ಧ ಹರಿದು ನನ್ನ ಮುಂದೆ ಹಿಡಿದರು.

"ಸುಣ್ಣ, ಅತ್ತಿ?"

"ಬ್ಯಾಡ. ನಿನಗೂ ಕಲ್ಲಾದೀತು."

ಸುಣ್ಣವಿಲ್ಲದ ಎಲೆ ಎಷ್ಟು ಸಪ್ಪೆ ಎಂಬುದು ತಿಂದವರಿಗೇ ಗೊತ್ತು. ನಾನು ಅಡುಗೆಮನೆಯ ಬಾಗಿಲ ಹಿಂದೆ ಹೋಗಿ, ಮಾವನವರು ತಂಬಾಕಿಗೆ ಇಟ್ಟುಕೊಂಡಿದ್ದ ಸುಣ್ಣ ಕದ್ದು ಹಚ್ಚಿಕೊಳ್ಳುತ್ತಿದ್ದೆ. ಅತ್ತೆ ಇರುವವರೆಗೂ ಹೀಗೇ ನಡೆಯಿತು. ಅವರು ಕೊನೆಯ ದಿನದವರೆಗೂ ಸುಣ್ಣ ಮುಟ್ಟಲಿಲ್ಲ. ಅತ್ತೆಗೆ ಹೇಗೆ ಟೋಪಿ ಹಾಕಿದೆ ನೋಡಿ ಎಂದು ಮೊಮ್ಮಕ್ಕಳಿಗೆ ಎಷ್ಟು ಸಲ ಹೇಳಿ ನಕ್ಕಿದ್ದೇನೋ ಲೆಕ್ಕವಿಲ್ಲ. ಇಲಿ ಹೋದ ಮೇಲೂ ಅವರು ನನಗಾಗಿ ಅಷ್ಟು ವರ್ಷ ಸಪ್ಪೆ ಎಲೆ ಅಗಿದರು ಎಂಬುದು ಮಾತ್ರ ಇವತ್ತು ಪೊರಕೆ ಹಿಡಿದು ನಿಂತಾಗಲೇ ಹೊಳೆದದ್ದು. ನನ್ನ ಬುದ್ಧಿ ಯಾವಾಗಲೂ ಬಂಡಿಯಲ್ಲೇ ಬರುತ್ತದೆ.

ಮಧ್ಯಾಹ್ನ ಊಟವಾದ ಮೇಲೆ ಎಲೆ ತೆಗೆದುಕೊಂಡೆ. ಸುಣ್ಣದ ಡಬ್ಬಿ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ಸಪ್ಪೆಯೇ ಸಪ್ಪೆ. ಆದರೂ ಪೂರಾ ಅಗಿದೆ.